ಡಿನಸ್ಟಿಯೋ, ಡೈನಸ್ಟಿಯೋ? ಎರಡು ಉಚ್ಚಾರಣೆಯ ಇಂಗ್ಲಿಷ್ ಪದಗಳನ್ನು ಬಳಸುವ ಬಗೆ

ಬೇಲೂರಿನಲ್ಲಿ ಪ್ರವಾಸಿಗರಿಗೆ ದೇವಾಲಯ ತೋರಿಸುವ ಕೆಲಸಕ್ಕೆ ಹೊಸದಾಗಿ ಸೇರಿದ್ದ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಒಂದು ಸಂಜೆ ಹಾಸನದ ನಮ್ಮ ಮನೆಗೆ ಬಂದು, ಕುರ್ಚಿಯಲ್ಲಿ ಕೂರುವ ಮೊದಲೇ ಪ್ರಶ್ನೆ ಹಾಕಿದ. ‘ಸರ್, ನಾನು ಹೊಯ್ಸಳ ಡಿನಸ್ಟಿ ಎಂದು ಶುರು ಮಾಡಿದೆ. ಅಮೆರಿಕದಿಂದ ಬಂದಿದ್ದ ದಂಪತಿಗೆ ಮೊದಲು ಅರ್ಥವಾಗಲಿಲ್ಲ, ಆಮೇಲೆ ಓ ಡೈನಸ್ಟಿ ಎಂದರು. ಮರುದಿನ ಜಾಗ್ರತೆಯಿಂದ ಡೈನಸ್ಟಿ ಎಂದೆ. ಇಂಗ್ಲೆಂಡಿನಿಂದ ಬಂದಿದ್ದ ಹಿರಿಯರೊಬ್ಬರು ಡಿನಸ್ಟಿ ಎನ್ನುತ್ತಲೇ ನನ್ನನ್ನು ಪ್ರಶ್ನೆ ಕೇಳುತ್ತಾ ಹೋದರು. ಯಾವುದು ಸರಿ?’ ರಾಜಮನೆತನ ಎಂಬರ್ಥದ ಆ ಪದಕ್ಕೆ ಎರಡೂ ಸರಿ ಎಂದೆ. ಅವನ ಮುಖದಲ್ಲಿ ಸಮಾಧಾನ ಕಾಣಲಿಲ್ಲ, ಏಕೆಂದರೆ ಎರಡೂ ಸರಿ ಎಂಬ ಉತ್ತರ ಕೇಳಿದವನಿಗೆ ಮರುದಿನ ಬೆಳಿಗ್ಗೆ ಬಾಯಿ ತೆರೆದು ಯಾವುದನ್ನು ಹೇಳಬೇಕೆಂಬುದು ತಿಳಿದಂತಾಗುವುದಿಲ್ಲ. ಅವನಿಗೆ ಆಮೇಲೆ ಒಂದೆರಡು ವಾರಗಳಲ್ಲಿ ಹೇಳಿಕೊಟ್ಟ ಕ್ರಮವನ್ನೇ ಇಲ್ಲಿ ಬರೆಯುತ್ತಿದ್ದೇನೆ. ಬೇಲೂರು, ಹಳೇಬೀಡುಗಳ ಮಾರ್ಗದರ್ಶಿಗಳಿಗೂ, ಚಿಕ್ಕಮಗಳೂರಿನ ಕಡೆ ಹೋಂಸ್ಟೇ ನಡೆಸುವವರಿಗೂ, ಶಾಲೆಯಲ್ಲಿ ಇಂಗ್ಲಿಷ್ ಕಲಿಸುವ ಕಿರಿಯ ಶಿಕ್ಷಕರಿಗೂ ಇದು ಉಪಯೋಗಕ್ಕೆ ಬರಬಹುದು.

ಒಂದೇ ಪದಕ್ಕೆ ಎರಡು ಉಚ್ಚಾರಣೆ ಇರುವುದು ಕನ್ನಡಿಗರಿಗೆ ಹೊಸ ಸಂಗತಿಯೇನೂ ಅಲ್ಲ. ಅಡಿಕೆ ಎನ್ನುವವರೂ ಅಡಕೆ ಎನ್ನುವವರೂ ಒಂದೇ ಮಂಡಿಯಲ್ಲಿ ಕುಳಿತು ವ್ಯಾಪಾರ ಮುಗಿಸುತ್ತಾರೆ. ಸ್ವಾರಸ್ಯವೆಂದರೆ, ಅಡಿಕೆಯ ಇಂಗ್ಲಿಷ್ ಹೆಸರಿಗೂ ಎರಡು ಉಚ್ಚಾರಣೆಗಳಿವೆ. ಮಲಯಾಳದಿಂದ ಪೋರ್ಚುಗೀಸರ ಬಾಯಿಗೆ ಬಿದ್ದು, ಅಲ್ಲಿಂದ ಇಂಗ್ಲಿಷಿಗೆ ಹೋದ ಆ ಪದವನ್ನು ಕೆಲವರು ಮೊದಲ ಉಚ್ಚಾರಾಂಶದ, ಅಂದರೆ ಪದದ ಮೊದಲ ತುಣುಕಿನ, ಮೇಲೆ ಒತ್ತು ಕೊಟ್ಟು ‘ಆ್ಯರಿಕ’ ಎನ್ನುತ್ತಾರೆ, ಕೆಲವರು ನಡುವಿನದನ್ನು ಎಳೆದು ‘ಅರೀಕ’ ಎನ್ನುತ್ತಾರೆ, ನಿಘಂಟುಗಳು ಎರಡನ್ನೂ ಒಪ್ಪುತ್ತವೆ. ನಮ್ಮ ತೋಟದ ಅಡಿಕೆಯ ವಿಷಯದಲ್ಲಿ ನಮಗಿರುವ ಸಮಾಧಾನ ಇಂಗ್ಲಿಷ್ ಮಾತಿನ ವಿಷಯದಲ್ಲಿ ಇಲ್ಲದಿರುವುದಕ್ಕೆ ನಾವು ಅದನ್ನು ಪರೀಕ್ಷೆಯ ಭಾಷೆಯಾಗಿ ಕಲಿತದ್ದೇ ಕಾರಣವೆಂದು ನನಗೆ ಅನಿಸುತ್ತದೆ.

ಮೊದಲು ಬೇರ್ಪಡಿಸಬೇಕಾದ ಪದಗಳು

ಎರಡು ಬಗೆಯಲ್ಲಿ ಕೇಳಿಬರುವ ಪದ ಕಂಡ ಕೂಡಲೇ ಕೇಳಿಕೊಳ್ಳಬೇಕಾದ ಮೊದಲ ಪ್ರಶ್ನೆ, ಉಚ್ಚಾರಣೆ ಬದಲಾದಾಗ ಅರ್ಥವೂ ಬದಲಾಗುತ್ತದೆಯೇ ಎಂಬುದು. ಅರ್ಥ ಬದಲಾಗುವುದಾದರೆ ಅಲ್ಲಿ ಆಯ್ಕೆಯ ಮಾತೇ ಇಲ್ಲ. ಅವು ಬರವಣಿಗೆಯಲ್ಲಿ ಮಾತ್ರ ಒಂದಾಗಿ ಕಾಣುವ ಎರಡು ಬೇರೆ ಪದಗಳು, ಇಲ್ಲವೇ ಒಂದೇ ಪದದ ನಾಮಪದ ಮತ್ತು ಕ್ರಿಯಾಪದ ರೂಪಗಳು.

ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಹೊರಗೋಡೆಯ ಎದುರು ನಿಂತರೆ ಇದಕ್ಕೆ ಬೇಕಾದ ಉದಾಹರಣೆಗಳೆಲ್ಲ ಸಿಗುತ್ತವೆ. ತಳದ ಪಟ್ಟಿಕೆಯಲ್ಲಿ ಸಾಲಾಗಿ ಆನೆಗಳಿವೆ, ಅದರ ಮೇಲೆ ಸಿಂಹಗಳು, ಇನ್ನೂ ಮೇಲೆ ಕುದುರೆಗಳು. ಸಾಲು ಎಂಬ ಅರ್ಥದ ಇಂಗ್ಲಿಷ್ ಪದ ‘ರೋ’. ಅದೇ ಅಕ್ಷರಗಳನ್ನು ‘ರೌ’ ಎಂದು ಓದಿದರೆ ಜಗಳ, ಗದ್ದಲ ಎಂಬ ಅರ್ಥ ಬರುತ್ತದೆ. ಆನೆಗಳ ‘ರೌ’ ನೋಡಿ ಎಂದು ಹೇಳುವ ಮಾರ್ಗದರ್ಶಿ ಶಿಸ್ತಿನಿಂದ ನಡೆಯುತ್ತಿರುವ ಆ ಬಡಪಾಯಿ ಆನೆಗಳನ್ನು ಕಾದಾಟಕ್ಕೆ ಇಳಿಸಿದಂತಾಗುತ್ತದೆ. ಸ್ವಲ್ಪ ಮೇಲೆ ಬಿಲ್ಲು ಹಿಡಿದ ಅರ್ಜುನನಿದ್ದಾನೆ. ಅವನ ಕೈಯಲ್ಲಿರುವುದು ‘ಬೋ’, ಅವನು ದ್ರೋಣನಿಗೆ ತಲೆಬಾಗಿದರೆ ಅದು ‘ಬೌ’. ಇನ್ನು ಕುಸುರಿ ಕೆಲಸವನ್ನು ವರ್ಣಿಸುವಾಗ ನಮ್ಮ ಹುಡುಗರು ಅತಿ ಹೆಚ್ಚು ಎಡವುವ ಪದವೊಂದಿದೆ. ಅರವತ್ತು ಸೆಕೆಂಡಿನ ನಿಮಿಷವಾದರೆ ಅದು ‘ಮಿನಿಟ್’, ಅತಿಸೂಕ್ಷ್ಮ ಎಂಬ ಅರ್ಥದಲ್ಲಾದರೆ ‘ಮೈನ್ಯೂಟ್’, ಒತ್ತು ಎರಡನೆಯ ಭಾಗದ ಮೇಲೆ. ಸೂಕ್ಷ್ಮ ಕೆತ್ತನೆಯನ್ನು ‘ಮಿನಿಟ್’ ಕೆತ್ತನೆ ಎಂದರೆ ಒಂದು ನಿಮಿಷದಲ್ಲಿ ಕೆತ್ತಿ ಮುಗಿಸಿದ್ದು ಎಂದು ಕೇಳುಗ ತಿಳಿಯಬಹುದು. ಆ ಶಿಲ್ಪಿಗಳಿಗೆ ಅದಕ್ಕಿಂತ ದೊಡ್ಡ ಅನ್ಯಾಯ ಬೇರೆ ಉಂಟೆ?

ಕಾಫಿ ತೋಟ ತೋರಿಸುವವರಿಗೆ ಬೇಕಾಗುವುದು ಇನ್ನೊಂದು ಗುಂಪು. ತೋಟದ ಉತ್ಪನ್ನ ಎಂಬ ಅರ್ಥದಲ್ಲಿ ‘ಪ್ರಾಡ್ಯೂಸ್’ ಎಂದು ಮೊದಲ ಭಾಗಕ್ಕೆ ಒತ್ತು ಬೀಳುತ್ತದೆ, ಬೆಳೆಯುತ್ತೇವೆ ಎಂಬ ಕ್ರಿಯೆಯಾದರೆ ‘ಪ್ರಡ್ಯೂಸ್’ ಎಂದು ಎರಡನೆಯ ಭಾಗಕ್ಕೆ. ಪರ್ಮಿಟ್, ರೆಕಾರ್ಡ್, ಪ್ರೆಸೆಂಟ್, ಆಬ್ಜೆಕ್ಟ್ ಮುಂತಾದವು ಇದೇ ಜಾಡಿನವು. ನಾಮಪದಕ್ಕೆ ಮೊದಲ ಭಾಗದ ಮೇಲೆ, ಕ್ರಿಯಾಪದಕ್ಕೆ ಎರಡನೆಯ ಭಾಗದ ಮೇಲೆ ಒತ್ತು ಎಂಬ ಸೂತ್ರ ಇಂತಹ ಬಹುಪಾಲು ಪದಗಳಿಗೆ ಹೊಂದುತ್ತದೆ, ಎಲ್ಲಕ್ಕೂ ಹೊಂದುವುದಿಲ್ಲ. ಈ ಗುಂಪನ್ನು ನೋಟ್‌ಬುಕ್ಕಿನ ಬೇರೆ ಪುಟಕ್ಕೆ ಹಾಕಿಡಿ. ಇನ್ನು ಮುಂದಿನದೆಲ್ಲ ಅರ್ಥ ಬದಲಾಗದೆ ಉಚ್ಚಾರಣೆ ಮಾತ್ರ ಎರಡಾಗಿರುವ ಪದಗಳಿಗೆ ಸಂಬಂಧಿಸಿದ್ದು.

ನಿಘಂಟನ್ನು ಓದುವ ಕ್ರಮ

ಮೊಬೈಲಿನಲ್ಲಿ ಉಚಿತವಾಗಿ ಸಿಗುವ ನಿಘಂಟುಗಳಲ್ಲಿ ಕೇಂಬ್ರಿಡ್ಜ್ ಮತ್ತು ಆಕ್ಸ್‌ಫರ್ಡ್ ಕಲಿಕೆಯ ನಿಘಂಟುಗಳು ಬ್ರಿಟಿಷ್ ಮತ್ತು ಅಮೆರಿಕನ್ ಉಚ್ಚಾರಣೆಗಳೆರಡನ್ನೂ ಧ್ವನಿಯೊಡನೆ ಕೊಡುತ್ತವೆ. ಮೆರಿಯಂ ವೆಬ್‌ಸ್ಟರ್ ಅಮೆರಿಕದ ಬಳಕೆಯನ್ನು ವಿವರವಾಗಿ ಹೇಳುತ್ತದೆ. ಒಂದು ಬ್ರಿಟನ್ನಿನದು, ಒಂದು ಅಮೆರಿಕದ್ದು, ಹೀಗೆ ಎರಡನ್ನು ನೋಡದೆ ಯಾವ ಉಚ್ಚಾರಣೆಯನ್ನೂ ತಪ್ಪೆಂದು ತೀರ್ಮಾನಿಸಬಾರದೆಂಬುದು ನಾನು ತಡವಾಗಿ ಕಲಿತ ಪಾಠ. ಕೆಲಸಕ್ಕೆ ಸೇರಿದ ಹೊಸದರಲ್ಲಿ, ಗೋಡೆಯ ಗೂಡು ಎಂಬ ಅರ್ಥದ ಪದವನ್ನು ‘ನಿಚ್’ ಎಂದು ಓದಿದ ಹುಡುಗಿಯೊಬ್ಬಳನ್ನು ತರಗತಿಯ ಎದುರು ನಿಲ್ಲಿಸಿ, ‘ನೀಶ್’ ಎಂದು ಮೂರು ಸಲ ಹೇಳಿಸಿದ್ದೆ. ಆ ಪದ ಫ್ರೆಂಚಿನಿಂದ ಬಂದದ್ದು ನಿಜ. ಆದರೆ ಇಂಗ್ಲಿಷಿನವರು ಅದನ್ನು ಬಹುಕಾಲದಿಂದ ‘ನಿಚ್’ ಎಂದೇ ಹೇಳುತ್ತಿದ್ದರು, ಫ್ರೆಂಚ್ ಧಾಟಿಯ ‘ನೀಶ್’ ಜನಪ್ರಿಯವಾದದ್ದು ಇಪ್ಪತ್ತನೆಯ ಶತಮಾನದಲ್ಲಿ. ಇಂದು ಬ್ರಿಟನ್ನಿನಲ್ಲಿ ‘ನೀಶ್’ ಹೆಚ್ಚು, ಅಮೆರಿಕದಲ್ಲಿ ಎರಡೂ ಉಂಟು. ಹುಡುಗಿ ಹೇಳಿದ್ದೇ ಹಳೆಯ, ಬೇರೂರಿದ ರೂಪವಾಗಿತ್ತು. ಬೇಲೂರಿನ ಗೋಡೆಯಲ್ಲಿ ದೇವತೆಗಳಿರುವ ಗೂಡುಗಳನ್ನು ತೋರಿಸುವಾಗಲೆಲ್ಲ ನನಗೆ ಅವಳ ನೆನಪು ಬರುತ್ತದೆ.

ಧ್ವನಿಯನ್ನು ಕೇಳಿದರಷ್ಟೇ ಸಾಲದು, ಪಕ್ಕದಲ್ಲಿರುವ ಚಿಹ್ನೆಗಳನ್ನೂ ಓದಬೇಕು. ಒತ್ತು ಬೀಳುವ ಉಚ್ಚಾರಾಂಶಕ್ಕೆ ಮುಂಚೆ ಮೇಲ್ಭಾಗದಲ್ಲಿ ಒಂದು ಪುಟ್ಟ ಲಂಬ ಗೆರೆ ಇರುತ್ತದೆ. ಗೆರೆ ಒತ್ತಿನ ಉಚ್ಚಾರಾಂಶದ ನಂತರ ಬರುತ್ತದೆಂದು ತಪ್ಪು ತಿಳಿದು ಪದವನ್ನೇ ತಲೆಕೆಳಗು ಮಾಡಿದವರನ್ನು ನೋಡಿದ್ದೇನೆ. ಅದೇ ಗೆರೆ ಕೆಳಗಿದ್ದರೆ ಅಲ್ಲಿ ಹಗುರವಾದ, ಎರಡನೆಯ ದರ್ಜೆಯ ಒತ್ತು. ಬ್ರಿಟಿಷ್ ನಿಘಂಟುಗಳಲ್ಲಿ ಸ್ವರದ ಮುಂದೆ ವಿಸರ್ಗದಂತೆ ಎರಡು ಚುಕ್ಕೆ ಇದ್ದರೆ ಅದು ದೀರ್ಘ. ಅಂತರರಾಷ್ಟ್ರೀಯ ಧ್ವನಿಲಿಪಿಯಲ್ಲಿ ತಲೆಕೆಳಗಾದ ‘ಇ’ ಎಂಬ ಇಂಗ್ಲಿಷ್ ಅಕ್ಷರದಂತೆ ಕಾಣುವುದು ಒತ್ತಿಲ್ಲದ, ಬಾಯಿ ಸಡಿಲಬಿಟ್ಟು ಹೇಳುವ ಒಂದು ಅರೆ ‘ಅ’ಕಾರ. ಇಂಗ್ಲಿಷಿನಲ್ಲಿ ಅತಿ ಹೆಚ್ಚು ಕೇಳಿಬರುವ ಸ್ವರ ಅದೇ ಆಗಿದ್ದರೂ ಕನ್ನಡದಲ್ಲಿ ಅದಕ್ಕೆ ಪ್ರತ್ಯೇಕ ಅಕ್ಷರವಿಲ್ಲ.

ಮೆರಿಯಂ ವೆಬ್‌ಸ್ಟರ್‌ನಲ್ಲಿ ಇನ್ನೊಂದು ಸೂಕ್ಷ್ಮವಿದೆ. ಎರಡು ಉಚ್ಚಾರಣೆಗಳ ನಡುವೆ ಬರಿಯ ಅಲ್ಪವಿರಾಮವೋ ‘ಅಥವಾ’ ಎಂಬ ಅರ್ಥದ ಪದವೋ ಇದ್ದರೆ ಎರಡಕ್ಕೂ ಸಮಾನ ಮರ್ಯಾದೆ, ಮೊದಲು ಬರೆದದ್ದು ಮೇಲು ಎಂದೇನೂ ಅರ್ಥವಲ್ಲ. ‘ಹೀಗೂ ಉಂಟು’ ಎಂಬರ್ಥದ ಪದವಿದ್ದರೆ ಎರಡನೆಯದು ಸ್ಪಷ್ಟವಾಗಿ ಕಡಿಮೆ ಬಳಕೆಯದು. ಉಚ್ಚಾರಣೆಯ ಮುಂದೆ ಗಣಿತದ ಭಾಗಾಕಾರದ ಚಿಹ್ನೆ ಇದ್ದರೆ, ವಿದ್ಯಾವಂತರ ಬಾಯಲ್ಲಿ ಅದು ಕೇಳಿಬರುತ್ತದೆ, ಆದರೂ ಅನೇಕರು ಒಪ್ಪುವುದಿಲ್ಲ ಎಂದು ತಿಳಿಯಬೇಕು. ನ್ಯೂಕ್ಲಿಯರ್ ಎಂಬುದನ್ನು ‘ನ್ಯೂಕ್ಯುಲರ್’ ಎನ್ನುವುದು ಆ ಚಿಹ್ನೆ ಹೊತ್ತ ಪದಗಳಲ್ಲೊಂದು. ಉಚ್ಚಾರಣೆಗೆಂದೇ ಮೀಸಲಾದ ನಿಘಂಟು ಬೇಕೆನ್ನುವವರಿಗೆ ಡೇನಿಯಲ್ ಜೋನ್ಸ್ 1917ರಲ್ಲಿ ಹೊರತಂದು, ಆಮೇಲೆ ಹಲವು ಸಲ ಪರಿಷ್ಕೃತವಾದದ್ದೊಂದಿದೆ. ಜಾನ್ ವೆಲ್ಸ್ ಸಿದ್ಧಪಡಿಸಿ 1990ರಲ್ಲಿ ಪ್ರಕಟವಾದ ಲಾಂಗ್‌ಮನ್ ಉಚ್ಚಾರಣಾ ನಿಘಂಟು ಇನ್ನೊಂದು. ವೆಲ್ಸ್ ಅವರ ವಿಶೇಷವೆಂದರೆ, ವಿವಾದದ ಪದಗಳನ್ನು ಜನರ ಮುಂದಿಟ್ಟು ಅಭಿಪ್ರಾಯ ಕೇಳಿ, ಯಾವ ರೂಪಕ್ಕೆ ಎಷ್ಟು ಮಂದಿಯ ಒಲವಿದೆ ಎಂಬುದನ್ನು ನಿಘಂಟಿನಲ್ಲೇ ನಮೂದಿಸಿದ್ದು. ‘ಪಂಡಿತರ ಕೊನೆಯ ಮಾತು’ ಎಂಬುದೊಂದು ಎಲ್ಲೋ ಇದೆಯೆಂದು ನಂಬಿದವರಿಗೆ ಆ ಪುಟಗಳನ್ನು ತೋರಿಸಬೇಕು.

ಬಾನುಲಿಯ ಆರಂಭದ ದಿನಗಳಲ್ಲಿ ಬಿಬಿಸಿ ಸಂಸ್ಥೆಗೂ ಇದೇ ಸಮಸ್ಯೆ ಎದುರಾಗಿತ್ತು. 1926ರಲ್ಲಿ ಅದು ಕವಿ ರಾಬರ್ಟ್ ಬ್ರಿಜಸ್ ಅವರ ಅಧ್ಯಕ್ಷತೆಯಲ್ಲಿ ಆಡುಮಾತಿನ ಇಂಗ್ಲಿಷಿಗೆಂದು ಸಲಹಾ ಸಮಿತಿಯೊಂದನ್ನು ನೇಮಿಸಿತು. ಅವರ ಬಳಿಕ ಅಧ್ಯಕ್ಷರಾದವರು ಜಾರ್ಜ್ ಬರ್ನಾರ್ಡ್ ಷಾ. ಉದ್ಘೋಷಕರೆಲ್ಲರೂ ಒಂದೇ ರೀತಿ ಹೇಳಲಿ ಎಂದು ಸಮಿತಿ ಅನೇಕ ಪದಗಳಿಗೆ ಒಂದೊಂದು ಉಚ್ಚಾರಣೆಯನ್ನು ಗೊತ್ತುಮಾಡಿತು. ಅದು ಒಂದು ಸಂಸ್ಥೆಯ ಏಕರೂಪತೆಗಾಗಿ ಮಾಡಿಕೊಂಡ ಏರ್ಪಾಡು, ಉಳಿದ ರೂಪಗಳು ತಪ್ಪೆಂಬ ತೀರ್ಪು ಅದರಲ್ಲಿ ಇರಲಿಲ್ಲ. ನಾವು ಮಾಡಬೇಕಾದ ಆಯ್ಕೆಯೂ ಅಂಥದೇ.

ಭೇದ ಎಲ್ಲಿಂದ ಬಂತೆಂದು ತಿಳಿದರೆ ನೆನಪಿಡುವುದು ಸುಲಭ

ಪದಗಳನ್ನು ಒಂದೊಂದಾಗಿ ಬಾಯಿಪಾಠ ಮಾಡುವುದಕ್ಕಿಂತ, ಅವು ಹೇಗೆ ಎರಡಾದವೆಂದು ತಿಳಿದುಕೊಂಡರೆ ನೆನಪು ನಿಲ್ಲುತ್ತದೆ. ದೊಡ್ಡ ಗುಂಪು ಅಟ್ಲಾಂಟಿಕ್ ಸಾಗರದ ಎರಡು ದಡಗಳದ್ದು. ಡಿನಸ್ಟಿ ಬ್ರಿಟನ್ನಿನದು, ಡೈನಸ್ಟಿ ಅಮೆರಿಕದ್ದು. ಹೂದಾನಿ ಅಥವಾ ಕಲಶಕ್ಕೆ ಬ್ರಿಟನ್ನಿನಲ್ಲಿ ‘ವಾಜ಼್’, ಅಮೆರಿಕದಲ್ಲಿ ‘ವೇಸ್’, ಕೆಲವೊಮ್ಮೆ ‘ವೇಜ಼್’. ದಾರಿ ಎಂಬ ಅರ್ಥದ ಪದ ಬ್ರಿಟನ್ನಿನಲ್ಲಿ ‘ರೂಟ್’ ಮಾತ್ರ, ಅಮೆರಿಕದಲ್ಲಿ ‘ರೂಟ್’ ಮತ್ತು ‘ರೌಟ್’ ಎರಡೂ. ಖಾಸಗಿತನಕ್ಕೆ ಬ್ರಿಟನ್ನಿನಲ್ಲಿ ‘ಪ್ರಿವಸಿ’ ಹೆಚ್ಚು, ಅಮೆರಿಕದಲ್ಲಿ ‘ಪ್ರೈವಸಿ’. ಬಿಡುವಿಗೆ ‘ಲೆಷರ್’, ‘ಲೀಷರ್’. ಹೋಂಸ್ಟೇ ಅಡುಗೆಮನೆಯ ವಿಟಮಿನ್, ಟೊಮೇಟೊ, ಬೇಸಿಲ್, ಯೋಗರ್ಟ್ ಎಲ್ಲವೂ ಈ ಗುಂಪಿನವೇ, ಒಂದು ಸಲ ನಿಘಂಟು ತೆರೆದರೆ ಮುಗಿಯಿತು. ಮದ್ದಿನ ಸೊಪ್ಪುಗಳಿಗೆ ಹೇಳುವ ‘ಹರ್ಬ್’ ಎಂಬುದರಲ್ಲಿ ಬ್ರಿಟಿಷರು ಹಕಾರ ಹೇಳುತ್ತಾರೆ, ಅಮೆರಿಕನ್ನರು ಬಿಟ್ಟು ‘ಅರ್ಬ್’ ಎನ್ನುತ್ತಾರೆ. ನಮ್ಮ ಕಡೆಯ ಹಳ್ಳಿಗಳಲ್ಲಿ ಹಾಸನವನ್ನು ‘ಆಸನ’ ಎನ್ನುವ ಹಿರಿಯರಿದ್ದಾರೆ, ಆದ್ದರಿಂದ ಹಕಾರ ಉದುರುವುದರಲ್ಲಿ ನಮಗೆ ಅಚ್ಚರಿಯೇನಿಲ್ಲ.

ಎರಡನೆಯ ಗುಂಪು ಬರವಣಿಗೆಯ ಪ್ರಭಾವದ್ದು. ಪದೇಪದೇ ಎಂಬರ್ಥದ ಪದದಲ್ಲಿ ಟಕಾರ ಶತಮಾನಗಳ ಹಿಂದೆಯೇ ಬಿದ್ದುಹೋಗಿ ‘ಆಫನ್’ ಎಂದಾಗಿತ್ತು. ಜನರು ಓದು ಕಲಿತಂತೆ, ಕಾಗದದಲ್ಲಿ ಇದೆಯಲ್ಲ ಎಂದು ‘ಆಫ್ಟನ್’ ಎನ್ನತೊಡಗಿದರು. ಎರಡೂ ಈಗ ನಿಘಂಟಿನಲ್ಲಿವೆ. ಆದರೆ ಇದನ್ನು ನೋಡಿ ಕೇಳು ಎಂಬರ್ಥದ ‘ಲಿಸನ್’ ಪದಕ್ಕೋ, ಮೆದುವಾಗಿಸು ಎಂಬರ್ಥದ ‘ಸಾಫನ್’ ಪದಕ್ಕೋ ಟಕಾರ ಸೇರಿಸಲು ಹೋಗಬಾರದು. ಒಂದು ಪದಕ್ಕೆ ಸಿಕ್ಕ ರಿಯಾಯಿತಿ ಅದರ ನೆಂಟರಿಗೆಲ್ಲ ಸಿಗುವುದಿಲ್ಲ.

ಶೆಡ್ಯೂಲ್ ಪದದ ಕಥೆ ಇನ್ನೂ ವಿಚಿತ್ರವಾದದ್ದು. ಫ್ರೆಂಚಿನಿಂದ ಬಂದ ಹೊಸದರಲ್ಲಿ ಅದನ್ನು ಸಕಾರದಿಂದ ‘ಸೆಡ್ಯೂಲ್’ ಎಂದೇ ಹೇಳುತ್ತಿದ್ದರು. ಮುಂದೆ ಲ್ಯಾಟಿನ್ ಮೂಲವನ್ನು ನೋಡಿ ಕಾಗುಣಿತವನ್ನು ತಿದ್ದಿದರು. ಕಾಗುಣಿತ ಬದಲಾದ ಮೇಲೆ ಉಚ್ಚಾರಣೆಯೂ ಜಾರಿ, ಬ್ರಿಟನ್ನಿನಲ್ಲಿ ‘ಶೆಡ್ಯೂಲ್’ ಆಯಿತು, ಅಮೆರಿಕದಲ್ಲಿ ಗ್ರೀಕ್ ಮೂಲವನ್ನು ಅನುಸರಿಸಿ ‘ಸ್ಕೆಜೂಲ್’ ಆಯಿತು. ಈಗ ಬ್ರಿಟನ್ನಿನ ಕಿರಿಯರೂ ‘ಸ್ಕೆಜೂಲ್’ ಎನ್ನುವುದು ಸಾಮಾನ್ಯ. ಭಾರತದಲ್ಲಿ ಸಂವಿಧಾನದ ಅನುಸೂಚಿಗಳಿಂದ ಹಿಡಿದು ಕಚೇರಿಯ ಕಡತಗಳವರೆಗೆ ಶೆಡ್ಯೂಲ್ ನೆಲೆಯೂರಿರುವುದರಿಂದ ನಾವು ಅದನ್ನು ಬಿಡಬೇಕಾದ ಕಾರಣವಿಲ್ಲ. ಇದೇ ಅಕ್ಷರಗಳಿಂದ ಶುರುವಾಗುವ ‘ಸ್ಕೂಲ್’, ‘ಸ್ಕೀಮ್’ ಪದಗಳಿಗೆ ಮಾತ್ರ ಒಂದೇ ದಾರಿ. ಬೇಲೂರು ಹಳೇಬೀಡುಗಳ ಬಳಪದ ಕಲ್ಲನ್ನು ಭೂವಿಜ್ಞಾನಿಗಳು ಕರೆಯುವ ‘ಶಿಸ್ಟ್’ ಎಂಬುದಕ್ಕೂ ಒಂದೇ, ಅಲ್ಲಿ ‘ಸ್ಕಿಸ್ಟ್’ ಎಂದರೆ ತಪ್ಪು.

ಮೂರನೆಯದು ಲ್ಯಾಟಿನ್ ಓದುವ ಕ್ರಮ ಬದಲಾದದ್ದರಿಂದ ಹುಟ್ಟಿದ ಗುಂಪು. ದೇವತೆ ಎಂಬರ್ಥದ ಪದವನ್ನು ಇಂಗ್ಲೆಂಡಿನ ಹಳೆಯ ಪಾಠಶಾಲೆಯ ಕ್ರಮದಲ್ಲಿ ‘ಡೀಯಿಟಿ’ ಎನ್ನುತ್ತಿದ್ದರು. ಲ್ಯಾಟಿನ್ ಸ್ವರಗಳನ್ನು ಪ್ರಾಚೀನ ರೋಮನ್ನರಂತೆ ಹೇಳಬೇಕೆಂಬ ಪದ್ಧತಿ ಶಾಲೆಗಳಿಗೆ ಬಂದ ಮೇಲೆ ‘ಡೇಯಿಟಿ’ ಬಲವಾಯಿತು. ಇಂದು ಬ್ರಿಟನ್ನಿನಲ್ಲಿ ಡೇಯಿಟಿ, ಅಮೆರಿಕದಲ್ಲಿ ಡೀಯಿಟಿ ಹೆಚ್ಚು. ದೇವಾಲಯದ ಮಾರ್ಗದರ್ಶಿ ದಿನಕ್ಕೆ ನೂರು ಸಲ ಬಳಸುವ ಪದ ಇದಾದ್ದರಿಂದ ಇದನ್ನು ಮೊದಲೇ ನಿರ್ಧರಿಸಿಕೊಳ್ಳುವುದು ಒಳ್ಳೆಯದು. ನಮ್ಮ ‘ದೇವ’ ಪದದ ಏಕಾರ ನಾಲಿಗೆಗೆ ಅಭ್ಯಾಸವಾಗಿರುವುದರಿಂದ ನನ್ನ ವಿದ್ಯಾರ್ಥಿಗಳಿಗೆ ಡೇಯಿಟಿಯೇ ಸುಲಭವಾಗಿ ಬರುತ್ತದೆ. ‘ಡೇಟಾ’, ‘ಡಾಟಾ’ ಎಂಬ ಜೋಡಿಯ ಹಿಂದೆಯೂ, ‘ಸ್ಟೇಟಸ್’, ‘ಸ್ಟ್ಯಾಟಸ್’ ಎಂಬ ಜೋಡಿಯ ಹಿಂದೆಯೂ ಲ್ಯಾಟಿನ್ ಸ್ವರದ ಇಂಥದೇ ಎಳೆದಾಟವಿದೆ.

ಇನ್ನೊಂದು ಚಿಕ್ಕ ಗುಂಪು ಒತ್ತಿನದು. ಬೇಲೂರಿನಿಂದ ಹಳೇಬೀಡಿಗೆ ಸುಮಾರು 16 ಕಿಲೋಮೀಟರ್ ಎಂದು ಹೇಳುವಾಗ, ಸೆಂಟಿಮೀಟರ್, ಮಿಲಿಮೀಟರ್‌ಗಳ ಮಾದರಿಯಲ್ಲಿ ಮೊದಲ ಭಾಗಕ್ಕೆ ಒತ್ತು ಕೊಟ್ಟು ‘ಕಿಲಮೀಟರ್’ ಎನ್ನಬಹುದು, ಥರ್ಮಾಮೀಟರ್, ಸ್ಪೀಡಾಮೀಟರ್‌ಗಳ ಮಾದರಿಯಲ್ಲಿ ‘ಕಿಲಾಮಿಟರ್’ ಎಂದೂ ಎನ್ನಬಹುದು. ಕಾಂಟ್ರವರ್ಸಿ, ಕಂಟ್ರಾವರ್ಸಿ ಎಂಬ ಜೋಡಿಯೂ ಹೀಗೆಯೇ, ಆ ಪದದ ಉಚ್ಚಾರಣೆಯೇ ಬ್ರಿಟನ್ನಿನಲ್ಲಿ ಒಂದು ವಿವಾದ. ವಿಷ್ಣುವರ್ಧನನಂತಹ ಆಶ್ರಯದಾತನನ್ನು ಹೇಳುವಾಗ ‘ಪೇಟ್ರನ್’ ಒಂದೇ ರೂಪ, ಅವನು ಕೊಟ್ಟ ಆಶ್ರಯಕ್ಕೆ ಬಂದಾಗ ‘ಪ್ಯಾಟ್ರನಿಜ್’, ‘ಪೇಟ್ರನಿಜ್’ ಎರಡೂ ನಡೆಯುತ್ತವೆ. ‘ಈದರ್’, ‘ಐದರ್’ ಬಗ್ಗೆ ಬರೆಯುತ್ತ ಕೂರುವುದಿಲ್ಲ. ಯಾವುದನ್ನು ಹೇಳಿದರೂ ಯಾವ ದೇಶದವರೂ ಕಿವಿ ನಿಮಿರಿಸುವುದಿಲ್ಲ.

ಒಂದನ್ನು ಆರಿಸುವುದು, ಇನ್ನೊಂದಕ್ಕೆ ಕಿವಿ ತೆರೆಯುವುದು

ಈಗ ಕೆಲಸದ ಭಾಗ. ನೀವು ನಿಜವಾಗಿ ಬಳಸುವ ಪದಗಳನ್ನು ಮಾತ್ರ ಪಟ್ಟಿ ಮಾಡಿಕೊಳ್ಳಿ. ಎರಡು ಗಂಟೆಯ ದೇವಾಲಯ ದರ್ಶನವನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಕೇಳಿದರೆ ಇಪ್ಪತ್ತು, ಇಪ್ಪತ್ತೈದಕ್ಕಿಂತ ಹೆಚ್ಚು ಇಂತಹ ಪದಗಳು ಸಿಗಲಾರವು. ಪ್ರತಿಯೊಂದಕ್ಕೂ ಒಂದು ಉಚ್ಚಾರಣೆಯನ್ನು ನಿಮ್ಮದೆಂದು ನಿಶ್ಚಯಿಸಿ. ನಿಶ್ಚಯಿಸುವಾಗ ಮೂರು ಸಂಗತಿಗಳನ್ನು ತೂಗಿ ನೋಡಬೇಕು. ಚಿಕ್ಕಂದಿನಿಂದ ನಿಮ್ಮ ನಾಲಿಗೆಗೆ ಹತ್ತಿರುವುದು ಯಾವುದು, ಭಾರತದ ವಿದ್ಯಾವಂತರ ನಡುವೆ ಹೆಚ್ಚು ಓಡಾಡುವುದು ಯಾವುದು, ನಿಮ್ಮ ಕೇಳುಗರಲ್ಲಿ ಯಾರು ಹೆಚ್ಚು. ನನ್ನ ಅನುಭವದಲ್ಲಿ ಮೊದಲನೆಯದಕ್ಕೇ ಹೆಚ್ಚು ತೂಕ ಕೊಡಬೇಕು, ಏಕೆಂದರೆ ಆಯಾಸವಾದಾಗ, ಗಾಬರಿಯಾದಾಗ ಬಾಯಿಗೆ ಬರುವುದು ಅದೇ.

ನಾವು ಕಲಿತ ಇಂಗ್ಲಿಷ್ ಬಹುಮಟ್ಟಿಗೆ ಬ್ರಿಟಿಷ್ ಜಾಡಿನದಾದ್ದರಿಂದ ಶೆಡ್ಯೂಲ್, ಡಿನಸ್ಟಿ, ರೂಟ್, ವಾಜ಼್ ಎಂದು ಒಂದೇ ಕಡೆ ನಿಲ್ಲುವುದು ಅಚ್ಚುಕಟ್ಟು. ಆದರೆ ಪ್ರೈವಸಿಯಂತಹ ಅಮೆರಿಕನ್ ರೂಪ ನಮ್ಮಲ್ಲಿ ಎಂದೋ ಬೇರುಬಿಟ್ಟಿದೆ, ಅಂಥದನ್ನು ಕಿತ್ತುಹಾಕಲು ಹೊರಡುವುದು ವ್ಯರ್ಥ ಶ್ರಮ. ಬೇರೆ ಬೇರೆ ಪದಗಳಿಗೆ ಬೇರೆ ಬೇರೆ ದಡದ ಉಚ್ಚಾರಣೆ ಇದ್ದರೆ ಯಾರಿಗೂ ತೊಂದರೆಯಿಲ್ಲ. ತೊಂದರೆ ಆಗುವುದು ಒಂದೇ ಪದವನ್ನು ಒಂದೇ ಭಾಷಣದಲ್ಲಿ ಎರಡು ಬಗೆಯಾಗಿ ಹೇಳಿದಾಗ. ಕಂಬದ ಬಳಿ ಡಿನಸ್ಟಿ ಎಂದವರು ಗರ್ಭಗುಡಿಯ ಬಳಿ ಡೈನಸ್ಟಿ ಎಂದರೆ, ಇವು ಎರಡು ಬೇರೆ ಸಂಗತಿಗಳಿರಬಹುದೇ ಎಂದು ಇಂಗ್ಲಿಷ್ ಮಾತೃಭಾಷೆಯಲ್ಲದ ಪ್ರವಾಸಿಗೆ ಸಂಶಯ ಬರುತ್ತದೆ. ಬೇಲೂರಿಗೆ ಫ್ರೆಂಚರೂ ಜರ್ಮನರೂ ಬರುತ್ತಾರೆಂಬುದನ್ನು ಮರೆಯಬಾರದು.

ಕೇಳುಗನಿಗೆ ನಿಮ್ಮ ಉಚ್ಚಾರಣೆ ತಲುಪಲಿಲ್ಲವೆಂದು ಮುಖ ನೋಡಿದರೇ ತಿಳಿಯುತ್ತದೆ. ಆಗ ಪದವನ್ನು ಗಟ್ಟಿಯಾಗಿ ಮತ್ತೊಮ್ಮೆ ಹೇಳುವುದು ನಾವೆಲ್ಲ ಮಾಡುವ ತಪ್ಪು. ಅದರ ಬದಲು ಅರ್ಥವನ್ನು ಪಕ್ಕದಲ್ಲಿ ಇಡಬೇಕು. ಡಿನಸ್ಟಿ ಎಂದ ಮೇಲೆ, ಈ ನಾಡನ್ನು ತಲೆಮಾರುಗಳ ಕಾಲ ಆಳಿದ ರಾಜಮನೆತನ ಎಂದು ಸರಳ ಇಂಗ್ಲಿಷಿನಲ್ಲಿ ಒಂದು ತುಣುಕು ಸೇರಿಸಿದರೆ ಪ್ರವಾಸಿಯೇ ತನ್ನ ರೂಪವನ್ನು ಮನಸ್ಸಿನಲ್ಲಿ ಹೊಂದಿಸಿಕೊಳ್ಳುತ್ತಾನೆ. ಅವನು ಡೈನಸ್ಟಿ ಎಂದರೆ ನೀವು ತಕ್ಷಣ ಬದಲಾಗಬೇಕಿಲ್ಲ, ಅವನನ್ನು ತಿದ್ದಬೇಕಾಗಿಯೂ ಇಲ್ಲ. ನಿಮ್ಮದೇ ತಪ್ಪೆಂದು ಯಾರಾದರೂ ತಿದ್ದಿದರೆ, ಎರಡೂ ನಿಘಂಟಿನಲ್ಲಿವೆ ಎಂದು ನಗುಮುಖದಿಂದ ಒಂದು ಸಲ ಹೇಳಿ ಮುಂದಕ್ಕೆ ನಡೆಯಿರಿ. ವಾದಕ್ಕೆ ನಿಂತರೆ ಗುಂಪಿನ ಉಳಿದವರು ಬಿಸಿಲಲ್ಲಿ ಕಾಯುತ್ತಾರೆ, ಬೇಲೂರಿನ ಅಂಗಳದ ಕಲ್ಲುಹಾಸು ಮಧ್ಯಾಹ್ನದ ಹೊತ್ತು ಬರಿಗಾಲಿಗೆ ಎಷ್ಟು ಕಾಯುತ್ತದೆಂಬುದು ಎಲ್ಲರಿಗೂ ಗೊತ್ತು.

ಕಿವಿಯನ್ನು ಪಳಗಿಸಲು ಒಂದು ಸಣ್ಣ ಅಭ್ಯಾಸ ಸಾಕು. ದಿನಕ್ಕೆ ಎರಡು ಪದ, ನಿಘಂಟಿನ ಎರಡೂ ಧ್ವನಿಗಳನ್ನು ಕೇಳುವುದು, ನಿಮ್ಮದನ್ನು ಐದು ಸಲ ವಾಕ್ಯದಲ್ಲಿ ಹೇಳುವುದು, ಇನ್ನೊಂದನ್ನು ಹೇಳದೆ ಬರಿದೆ ಕೇಳುವುದು. ನೋಟ್‌ಬುಕ್ಕಿನಲ್ಲಿ ಕನ್ನಡ ಅಕ್ಷರದಲ್ಲೇ ಬರೆದುಕೊಳ್ಳಿ, ಅದರಲ್ಲಿ ನಾಚಿಕೆಯೇನಿಲ್ಲ. ನಮ್ಮ ಲಿಪಿ ದೀರ್ಘ ಹ್ರಸ್ವಗಳನ್ನು ಇಂಗ್ಲಿಷ್ ಲಿಪಿಗಿಂತ ಸ್ಪಷ್ಟವಾಗಿ ತೋರಿಸುತ್ತದೆ. ಅದಕ್ಕೆ ನಿಲುಕದ ಮೂರು ಸಂಗತಿಗಳಿಗೆ ಮಾತ್ರ ಗುರುತು ಮಾಡಿಕೊಳ್ಳಬೇಕು. ಒತ್ತು ಬೀಳುವ ಅಕ್ಷರಕ್ಕೆ ಮುಂಚೆ ಪುಟ್ಟ ಗೆರೆ, ಸಡಿಲವಾದ ಅರೆ ಅಕಾರದ ಕೆಳಗೆ ಒಂದು ಚುಕ್ಕೆ, ‘ವಾಜ಼್’ನಲ್ಲಿ ಬರುವ ಝೇಂಕಾರದ ಜಕಾರಕ್ಕೆ ಕೆಳಗೆ ಎರಡು ಚುಕ್ಕೆ. ಕನ್ನಡದಲ್ಲಿ ಎಲ್ಲ ಅಕ್ಷರಗಳಿಗೂ ಹೆಚ್ಚುಕಡಿಮೆ ಸಮನಾದ ತೂಕ ಕೊಟ್ಟು ಮಾತನಾಡುವ ನಮಗೆ ಇವುಗಳಲ್ಲಿ ಒತ್ತೇ ಅತಿ ಕಷ್ಟದ್ದು. ಸ್ವರ ಸ್ವಲ್ಪ ಆಚೀಚೆ ಆದರೂ ಕೇಳುಗನಿಗೆ ತಿಳಿಯುತ್ತದೆ, ಒತ್ತು ತಪ್ಪಿದರೆ ಪದವೇ ಗುರುತು ಸಿಗುವುದಿಲ್ಲ.

ರಿಯಾಯಿತಿ ಇಲ್ಲದ ಪದಗಳು

ಎರಡೂ ಸರಿ ಎಂಬ ಮಾತನ್ನು ಎಲ್ಲಕ್ಕೂ ಚಾಚಿದರೆ ಅಪಾಯ. ರಸೀದಿಗೆ ಇಂಗ್ಲಿಷಿನಲ್ಲಿ ‘ರಿಸೀಟ್’ ಒಂದೇ, ಪಕಾರ ಬರೆಯುವುದಕ್ಕಷ್ಟೇ. ಹೋಂಸ್ಟೇ ಊಟದ ಮೇಜಿನ ‘ಬಫೆ’ಯಲ್ಲಿ ಕೊನೆಯ ಟಕಾರ ಮೌನ. ಒತ್ತು ಎಲ್ಲಿ ಎಂಬುದರಲ್ಲಿ ಬ್ರಿಟನ್ ಅಮೆರಿಕಗಳಿಗೆ ಭಿನ್ನಮತವಿದೆ, ಟಕಾರದ ವಿಷಯದಲ್ಲಿ ಇಲ್ಲ, ‘ಬಫೆಟ್’ ಎಂದರೆ ಅಪ್ಪಳಿಸು ಎಂಬ ಬೇರೆಯೇ ಪದ. ಹೋಟೆಲಿನ ದೊಡ್ಡ ಕೋಣೆ ‘ಸ್ವೀಟ್’, ತೊಡುವ ಉಡುಪು ಮಾತ್ರ ‘ಸೂಟ್’. ಸಾರು ಬಡಿಸುವ ಬಟ್ಟಲು ‘ಬೋಲ್’. ಉಚ್ಚಾರಣೆ ಎಂಬರ್ಥದ ಇಂಗ್ಲಿಷ್ ಪದವನ್ನೇ ‘ಪ್ರೊನೌನ್ಸಿಯೇಷನ್’ ಎಂದು ತಪ್ಪಾಗಿ ಹೇಳುವುದು ನನ್ನ ಸಹೋದ್ಯೋಗಿಗಳಲ್ಲೂ ಇತ್ತು, ಅದರ ನಡುವೆ ಇರುವುದು ‘ನನ್’ ಎಂಬ ಧ್ವನಿ. ಎರಡು ದಡದ ಎರಡು ನಿಘಂಟುಗಳಲ್ಲೂ ಕಾಣದ ರೂಪವನ್ನು, ನಮ್ಮ ಊರಿನಲ್ಲಿ ಎಲ್ಲರೂ ಹೀಗೇ ಹೇಳುತ್ತಾರೆ ಎಂಬ ಕಾರಣಕ್ಕೆ ಹೊರಗಿನವರ ಮುಂದೆ ಇಟ್ಟುಕೊಳ್ಳಬಾರದು.

ಆದರೆ ಈ ನಿಯಮ ಇಂಗ್ಲಿಷ್ ಮಾತನಾಡುವಾಗ ಮಾತ್ರ. ಕನ್ನಡ ವಾಕ್ಯದ ಒಳಗೆ ಬಂದ ಇಂಗ್ಲಿಷ್ ಪದ ಕನ್ನಡದ ಮನೆಯಲ್ಲಿ ಬಳಕೆಯಾದ ಪದ. ಕ್ರಿಕೆಟಿಗ ಜಾವಗಲ್ ಶ್ರೀನಾಥ್ ನಮಗೆ ವೇಗದ ‘ಬೌಲರ್’, ಇಂಗ್ಲಿಷ್ ನಿಘಂಟಿನಲ್ಲಿ ‘ಬೋಲರ್’ ಇದೆಯೆಂದು ಕನ್ನಡ ಮಾತಿನ ನಡುವೆ ಹಾಗೆ ತಿದ್ದಿದರೆ ಕೇಳಿದವರು ವಿಚಿತ್ರವಾಗಿ ನೋಡುತ್ತಾರೆ. ಅಡುಗೆಮನೆಯಲ್ಲಿ ಟೊಮ್ಯಾಟೊ ಸಾರು ಟೊಮ್ಯಾಟೊ ಸಾರಾಗಿಯೇ ಇರಲಿ.

ಶಿಕ್ಷಕರಿಗೆ ಒಂದು ಮಾತು. ಓದಿಸುವಾಗ ಮಗು ನಿಮ್ಮದಲ್ಲದ ಉಚ್ಚಾರಣೆ ಹೇಳಿದರೆ, ತಡೆಯುವ ಮೊದಲು ನಿಘಂಟು ನೋಡಿ. ಸ್ವೀಕೃತವಾದದ್ದಾದರೆ ಅಂಕ ಕಳೆಯಬಾರದು. ಎರಡೂ ರೂಪಗಳನ್ನು ಕಪ್ಪುಹಲಗೆಯ ಮೇಲೆ ಪಕ್ಕಪಕ್ಕದಲ್ಲಿ ಬರೆದು, ಯಾವುದು ಎಲ್ಲಿಯದೆಂದು ಹೇಳಿದರೆ ಎರಡು ನಿಮಿಷದ ಕೆಲಸ.

ಕೊನೆಗೆ ಉಳಿಯುವುದು ನಮ್ಮವೇ ಹೆಸರುಗಳು. ಹಳೇಬೀಡು, ದೋರಸಮುದ್ರ, ಬಾಬಾಬುಡನ್‌ಗಿರಿ, ಮುಳ್ಳಯ್ಯನಗಿರಿ ಇವುಗಳ ಉಚ್ಚಾರಣೆಗೆ ಪ್ರವಾಸಿ ಯಾವ ನಿಘಂಟನ್ನು ನೋಡಬೇಕು? ಅಲ್ಲಿ ನೀವೇ ನಿಘಂಟು. ವಿದೇಶಿಯರ ಬಾಯಲ್ಲಿ ಹೊಯ್ಸಳ ‘ಹೊಯ್‌ಸಾಲಾ’ ಆಗಿರುತ್ತದೆಂದು, ನಾವೂ ಅವರಿಗೆ ಅನುಕೂಲವಾಗಲೆಂದು ಹಾಗೆಯೇ ಹೇಳತೊಡಗುವುದನ್ನು ಕಂಡಿದ್ದೇನೆ, ಅದು ಬೇಡ. ನಿಧಾನವಾಗಿ ಬಿಡಿಸಿ, ಹೊಯ್, ಸ, ಳ ಎಂದು ಮೂರು ತುಂಡಾಗಿ ಒಮ್ಮೆ ಹೇಳಿ, ನಂತರ ಸೇರಿಸಿ ಹೇಳಿ, ಅವರ ಬಾಯಲ್ಲಿ ಒಮ್ಮೆ ಹೇಳಿಸಿ. ಳಕಾರ ಅವರ ಭಾಷೆಯಲ್ಲಿಲ್ಲ, ಆದ್ದರಿಂದ ಲಕಾರ ಬಂದರೂ ಒಪ್ಪಿಕೊಳ್ಳಿ. ನಡುವಿನ ಸಕಾರವನ್ನು ಎಳೆಯದಿದ್ದರೆ ಸಾಕು. ನನ್ನ ಆ ವಿದ್ಯಾರ್ಥಿ ಈಗ ದರ್ಶನವನ್ನು ಶುರು ಮಾಡುವುದೇ ಹೀಗೆ. ಮೊದಲು ಪ್ರವಾಸಿಗರಿಂದ ಹೊಯ್ಸಳ ಎಂದು ಹೇಳಿಸುತ್ತಾನೆ, ಆಮೇಲೆ ತಾನು ಡಿನಸ್ಟಿ ಎನ್ನುತ್ತಾನೆ.